ಸಂಪಿನ ಮುಚ್ಚಳ

ಮುಚ್ಚಳ ತೆಗೆದಿತ್ತು.

ಪುಟ್ಟಲಿಂಗಮ್ಮ ಅದನ್ನು ನೋಡಿದಳು. ನೋಡೇ ಇಲ್ಲ ಎಂದು ಸುಳ್ಳು ಹೇಳುವ ಹೆಂಗಸಲ್ಲ ಅವಳು. ಹಿತ್ತಿಲಿನ ಒಗೆಯುವ ಕಲ್ಲಿನ ಪಕ್ಕ ಕುಕ್ಕುರುಗಾಲಲ್ಲಿ ಕೂತು ರಾತ್ರಿಯ ಪಾತ್ರೆ ಉಜ್ಜುತ್ತಿದ್ದಳು. ಎದುರಿಗೇ ನೀರಿನ ಸಂಪು ಕಪ್ಪಗೆ ಬಾಯಿ ತೆರೆದುಕೊಂಡಿತ್ತು. ವಿಭೂತಿ ಬಳಿದ ಕಬ್ಬಿಣದ ಮುಚ್ಚಳ ಪಕ್ಕದಲ್ಲಿ ಬಿದ್ದಿತ್ತು.

ಎದ್ದು ನಾಲ್ಕು ಹೆಜ್ಜೆ ಹೋಗಿ ಮುಚ್ಚಿದ್ದರೆ ಮುಗಿಯುತ್ತಿತ್ತು. ಮುಚ್ಚಲಿಲ್ಲ. ಯಾಕೆ ಮುಚ್ಚಲಿಲ್ಲ ಎಂದು ಕೇಳುವವರು ಆಮೇಲೆ ಬೀದಿ ತುಂಬ ಹುಟ್ಟಿಕೊಂಡರು. ಕೇಳಲಿ. ಕೇಳುವ ಮುಂಚೆ ಆ ಮನೆಯ ನಿಯಮ ತಿಳಿದುಕೊಳ್ಳಲಿ.

ರಾಮಕೃಷ್ಣನಗರದ ಆ ಮನೆ ಸಿದ್ದಮಲ್ಲಪ್ಪನವರದು. ಸಂತೆಪೇಟೆಯಲ್ಲಿ ಬೇಳೆಕಾಳಿನ ಮಂಡಿ ನಡೆಸಿ, ಈಗ ವ್ಯಾಪಾರವನ್ನು ಮಗ ಚಂದ್ರಮೌಳಿಗೆ ಬಿಟ್ಟು, ಪೂಜೆ, ಮಠ ಎಂದು ಇದ್ದವರು. ಪೂಜೆಯ ನೀರು ಸಂಪಿನಿಂದಲೇ ಹೋಗಬೇಕು. ಆದ್ದರಿಂದ ಸಂಪನ್ನು ಪುಟ್ಟಲಿಂಗಮ್ಮ ಮುಟ್ಟಬಾರದು. ನಲ್ಲಿ ಮುಟ್ಟಬಾರದು. ಮುಚ್ಚಳ ಮುಟ್ಟಬಾರದು. ಪಾತ್ರೆಗೆ ನೀರು ಬೇಕೆಂದರೆ ಸೊಸೆ ಪ್ರೇಮಲೀಲಾ ಬಂದು ನಲ್ಲಿ ತಿರುಗಿಸಬೇಕು, ಇವಳ ಬಕೆಟ್ಟಿಗೆ ಮೇಲಿನಿಂದ ಬೀಳಬೇಕು. ಇವಳು ಉಜ್ಜಿ ತೊಳೆದಿಟ್ಟ ಪಾತ್ರೆಯ ಮೇಲೆ ಇನ್ನೊಂದು ಸಲ ನೀರು ಚಿಮುಕಿಸಿ ಒಳಗೆ ಒಯ್ಯುತ್ತಿದ್ದರು. ಎಂಜಲು ಬಳಿಯುವ ಕೈ ಬೇಕು, ಆ ಕೈ ಮುಟ್ಟಿದ ನೀರು ಬೇಡ.

ಹಿಂದಿನ ಮಳೆಗಾಲದಲ್ಲಿ ಒಂದು ಸಲ ಬಿರುಗಾಳಿಗೆ ಮುಚ್ಚಳ ಸರಿದಿತ್ತು. ಒಳಗೆ ಕಸ ಬೀಳುತ್ತದಲ್ಲ ಎಂದು ಪುಟ್ಟಲಿಂಗಮ್ಮ ಪೊರಕೆಯ ಹಿಡಿಯಲ್ಲಿ ಅದನ್ನು ನೂಕಿದ್ದಳು. ಕೈಯಲ್ಲಿ ಕೂಡ ಅಲ್ಲ, ಪೊರಕೆಯ ಹಿಡಿಯಲ್ಲಿ! ಸಿದ್ದಮಲ್ಲಪ್ಪನವರು ಕಿಟಕಿಯಿಂದ ನೋಡಿಬಿಟ್ಟರು. ಬೈಯಲಿಲ್ಲ. ಅವರು ಬೈಯುವವರಲ್ಲ. ಮೋಟರು ಹಚ್ಚಿಸಿ ಸಂಪಿನ ನೀರನ್ನೆಲ್ಲ ಮೋರಿಗೆ ಬಿಡಿಸಿದರು. ಅವಳನ್ನು ಅಲ್ಲೇ ನಿಲ್ಲಿಸಿ ಮಾತಾಡಿದರು.

"ನಿನ್ನ ಮೇಲೆ ನನಗೆ ಕೋಪ ಇಲ್ಲ ಪುಟ್ಲಿಂಗಿ. ಆದ್ರೆ ನಿಯಮ ಅಂದ್ರೆ ನಿಯಮ. ಮಳೆ ಬಂತು, ಗಾಳಿ ಬಂತು ಅಂತ ಒಂದೊಂದು ಕಾರಣಕ್ಕೂ ಸಡಿಲ ಮಾಡ್ತಾ ಹೋದ್ರೆ ಅದು ನಿಯಮವೇ ಅಲ್ಲ. ಇನ್ನೊಂದ್ಸಲ ಹೀಗಾದ್ರೆ ಶೆಡ್ಡು ಖಾಲಿ ಮಾಡ್ಬಿಡು."

ಶೆಡ್ಡು ಎಂದರೆ ಹಿತ್ತಿಲ ಮೂಲೆಯ ತಗಡಿನ ಗೂಡು. ಮನೆ ಕಟ್ಟುವಾಗ ಸಿಮೆಂಟು ಮೂಟೆ ಇಡಲು ಹಾಕಿದ್ದು. ಗಾರೆ ಕೆಲಸದ ಗಂಡ ಶಿವರಾಮುವಿನ ಜೊತೆ ಕಾವಲಿಗೆಂದು ಬಂದು ಸೇರಿದವಳು ಪುಟ್ಟಲಿಂಗಮ್ಮ. ಮನೆ ಎದ್ದಿತು. ಆಮೇಲೆ ಇನ್ನೊಬ್ಬರ ಮನೆಯ ಸಾರುವೆಯಿಂದ ಬಿದ್ದು ಶಿವರಾಮು ಸತ್ತ. ಇವಳು ಮಗಳನ್ನು ಕಟ್ಟಿಕೊಂಡು ಇಲ್ಲೇ ಉಳಿದಳು, ಕಸಮುಸುರೆಗೆ. ಮಗಳು ಸಂಘಮಿತ್ರ ಈಗ ಎಸ್ಸೆಸ್ಸೆಲ್ಸಿ. ಅಶೋಕಪುರದಲ್ಲಿ ಅಣ್ಣ ಮಹದೇವಯ್ಯ ಇದ್ದಾನೆ, ಒಂದೇ ಕೋಣೆಯಲ್ಲಿ ಹೆಂಡತಿ ಮಕ್ಕಳು ಮುದುಕಿ ಎಲ್ಲ. ಅಲ್ಲಿ ಓದುವುದಿರಲಿ, ಕಾಲು ಚಾಚಲು ಜಾಗವಿಲ್ಲ. ಪರೀಕ್ಷೆ ಮುಗಿಯುವವರೆಗೆ ಈ ತಗಡು ತಲೆಯ ಮೇಲಿರಬೇಕು. ಪುಟ್ಟಲಿಂಗಮ್ಮ ಆ ವರ್ಷ ಉಸಿರಾಡಿದ್ದೇ ಅದಕ್ಕೆ.

ಸರಿ, ಮುಚ್ಚಳ ತೆಗೆದಿತ್ತಲ್ಲ. ತೆಗೆದವರು ಸಿದ್ದಮಲ್ಲಪ್ಪನವರೇ. ಕಾವೇರಿ ನೀರು ದಿನ ಬಿಟ್ಟು ದಿನ ಬರುತ್ತಿತ್ತು. ಎಷ್ಟು ತುಂಬಿತು ಎಂದು ಬೆಳಿಗ್ಗೆ ಟಾರ್ಚು ಹಿಡಿದು ಬಗ್ಗಿ ನೋಡುವುದು ಅವರ ರೂಢಿ. ಅವತ್ತು ನೋಡುತ್ತಿದ್ದಾಗ ಒಳಗೆ ಫೋನು ಬಡಿದುಕೊಂಡಿತು. ಹೋದರು. ಮುಚ್ಚಳ ಮರೆತರು.

"ಅಮ್ಮಾವ್ರೇ," ಎಂದು ಕೂಗಿದಳು ಪುಟ್ಟಲಿಂಗಮ್ಮ. "ಅಮ್ಮಾವ್ರೇ, ಸಂಪು ತಗ್ದದೆ!"

ಒಳಗೆ ಮಿಕ್ಸಿ ಗಿರ್ರೆನ್ನುತ್ತಿತ್ತು. "ಬುದ್ಧೀ!" ಎಂದಳು. ಬುದ್ಧಿಯವರು ಫೋನಿನಲ್ಲಿ ನಗುತ್ತಿದ್ದರು. ಎದ್ದು ಸಂಪಿನ ಹತ್ತಿರ ಹೋದಳು. ಕೈ ಚಾಚಿದಳು. ಮೋರಿಗೆ ಹರಿದ ನೀರು ನೆನಪಿಗೆ ಬಂತು. ಶೆಡ್ಡು ನೆನಪಿಗೆ ಬಂತು. ಕಿಟಕಿಯ ಕಡೆ ನೋಡಿದಳು. ಚಾಚಿದ ಕೈಯನ್ನು ಸೆರಗಿಗೆ ಒರೆಸಿಕೊಂಡು ವಾಪಸು ಬಂದು ಕೂತಳು. ಮಿಕ್ಸಿ ನಿಂತ ಮೇಲೆ ಇನ್ನೊಂದು ಸಲ ಕೂಗಿದರಾಯಿತು ಎಂದುಕೊಂಡಳು. ತಳ ಹಿಡಿದ ಹಾಲಿನ ಪಾತ್ರೆ ತೆಗೆದುಕೊಂಡಳು.

ಮಿಕ್ಸಿ ನಿಂತಿತು. ಅಷ್ಟರಲ್ಲಿ ಆಗಿಹೋಗಿತ್ತು.

ಕಾಲ್ಗೆಜ್ಜೆಯ ಸದ್ದು ಕೇಳಿ ತಲೆ ಎತ್ತಿದಳು. ಆ ಮನೆಯ ಮೊಮ್ಮಗಳು ಲಾಸ್ಯ, ಇನ್ನೂ ಮೂರು ತುಂಬದ ಕೂಸು, ಚೆಂಡಿನ ಹಿಂದೆ ಓಡಿ ಬರುತ್ತಿತ್ತು. ಚೆಂಡು ಸಂಪಿಗೆ ಬಿತ್ತು. ಹಿಂದೆಯೇ ಕೂಸು. ಚೀರಲೂ ಇಲ್ಲ. ಗೆಜ್ಜೆಯ ಸದ್ದು ನಿಂತುಹೋಯಿತು, ಅಷ್ಟೆ.

ಪುಟ್ಟಲಿಂಗಮ್ಮನಿಗೆ ಈಜು ಬರುತ್ತಿರಲಿಲ್ಲ. ಅದು ಹೊಳೆಯುವ ಮುಂಚೆಯೇ ನೀರಿನಲ್ಲಿದ್ದಳು. ಮೂಗಿನವರೆಗೆ ನೀರು. ಕತ್ತಲು. ಸೀರೆ ಕಾಲಿಗೆ ಸುತ್ತಿಕೊಂಡಿತು. ಬಾಯಿಗೆ ನೀರು ನುಗ್ಗಿತು. ಸತ್ತೆ ಎಂದುಕೊಂಡಳು. ಮಗಳು ಅನಾಥೆ ಎಂದುಕೊಂಡಳು. ಕೈ ಆಡಿಸಿದಳು, ಗೋಡೆ. ಇನ್ನೊಂದು ಕಡೆ ಆಡಿಸಿದಳು, ಏನೂ ಇಲ್ಲ. ಮುಳುಗಿದಳು. ಬೆರಳಿಗೆ ಕೂದಲು ಸಿಕ್ಕಿತು. ಮುಷ್ಟಿ ಕಟ್ಟಿ ಎಳೆದಳು. ಕೂಸನ್ನು ತಲೆಯ ಮೇಲಕ್ಕೆ ಎತ್ತಿ ಹಿಡಿದಳು. ಎತ್ತಿ ಹಿಡಿದಾಗ ತಾನು ನೀರಿನೊಳಗಿದ್ದಳು. ಯಾರೋ ಕೂಸನ್ನು ಕಿತ್ತುಕೊಂಡರು.

ಕೂಸನ್ನು ಎತ್ತಿಕೊಂಡ ಕೈಗಳು ಮತ್ತೆ ಕೆಳಗೆ ಬರಲಿಲ್ಲ.

ಕಬ್ಬಿಣದ ಮೆಟ್ಟಿಲು ತಡಕಿ ಅವಳೇ ಮೇಲೆ ಬಂದಳು. ಮೊಣಕಾಲು ತರಚಿ ರಕ್ತ ಇಳಿಯುತ್ತಿತ್ತು. ಪ್ರೇಮಲೀಲಾ ಮಗುವನ್ನು ಬೋರಲು ಹಾಕಿಕೊಂಡು ಬೆನ್ನು ಬಡಿಯುತ್ತಿದ್ದಳು. ಮಗು ನೀರು ಕಕ್ಕಿತು. ಕೆಮ್ಮಿತು. ಅತ್ತಿತು. ಆ ಅಳುವಿನಷ್ಟು ಚೆಂದದ ಸದ್ದನ್ನು ಪುಟ್ಟಲಿಂಗಮ್ಮ ಹುಟ್ಟಿದಾಗಿನಿಂದ ಕೇಳಿರಲಿಲ್ಲ. ಪ್ರೇಮಲೀಲಾ ಇವಳ ಒದ್ದೆ ಕೈಗಳೆರಡನ್ನೂ ಹಿಡಿದು ಹಣೆಗೆ ಒತ್ತಿಕೊಂಡಳು. "ದೇವ್ರು ಕಣಮ್ಮ ನೀನು," ಎಂದಳು. ಆಟೋ ಬಂತು. ಎಲ್ಲರೂ ಆಸ್ಪತ್ರೆಗೆ ಹೋದರು.

ಮಗುವಿಗೆ ಏನೂ ಆಗಿಲ್ಲವೆಂದು ಸಂಜೆ ಗೊತ್ತಾಯಿತು. ಪುಟ್ಟಲಿಂಗಮ್ಮ ಶೆಡ್ಡಿನೊಳಗೆ ಕಂಬಳಿ ಹೊದ್ದು ಕೂತಿದ್ದಳು. ಗೇಟು ಸದ್ದಾಯಿತು. ಹಿತ್ತಿಲಲ್ಲಿ ಚಂದ್ರಮೌಳಿಯ ದನಿ ಕೇಳಿತು.

"ಮುಚ್ಚಳ ತೆಗ್ದಿಟ್ಟಿದ್ದು ಯಾರಪ್ಪಾಜಿ? ಯಾರು ಅಂತ ಹೇಳಿ. ಇವತ್ತು ನನ್ನ ಮಗೂನ ಮಣ್ಣು ಮಾಡ್ಬೇಕಾಗಿತ್ತು!"

ಸಿದ್ದಮಲ್ಲಪ್ಪನವರು ಮೆತ್ತಗೆ ಹೇಳಿದ್ದು ತಗಡಿನಾಚೆಯಿಂದ ಚೆನ್ನಾಗಿಯೇ ಕೇಳಿಸಿತು.

"ಇನ್ಯಾರು? ಹಿತ್ತಿಲಲ್ಲಿ ಇದ್ದೋಳು ಅವಳೊಬ್ಳೇ ಅಲ್ವಾ?"

ಅಯ್ಯೋ ಶಿವನೇ! ಪೊಲೀಸು, ಸ್ಟೇಷನ್ನು, ಲಾಠಿ ಎಲ್ಲ ಪುಟ್ಟಲಿಂಗಮ್ಮನ ಕಣ್ಣ ಮುಂದೆ ಬಂದವು. ಓಡಿಹೋಗಿಬಿಡೋಣವೆನ್ನಿಸಿತು. ಎಲ್ಲಿಗೆ?

ಮಾರನೆಯ ದಿನ ಸಿದ್ದಮಲ್ಲಪ್ಪನವರು ಶೆಡ್ಡಿನ ಬಾಗಿಲಿಗೇ ಬಂದರು. ಇಷ್ಟು ವರ್ಷಗಳಲ್ಲಿ ಒಂದು ದಿನವೂ ಅತ್ತ ಬಂದವರಲ್ಲ. ಪಂಚೆಯನ್ನು ಎತ್ತಿ ಹಿಡಿದು ಹೊಸ್ತಿಲಾಚೆ ನಿಂತರು. ಪುಟ್ಟಲಿಂಗಮ್ಮ ಧಡಕ್ಕನೆ ಎದ್ದಳು.

"ನೀನು ಮಾಡಿದ್ದು ಪುಣ್ಯದ ಕೆಲಸ," ಎಂದರು. "ಇಳಿದದ್ದು ತಪ್ಪು ಅಂತ ನಾನು ಹೇಳಲ್ಲ. ಆಪತ್ತಿಗೆ ಮಡಿ ಇಲ್ಲ ಅಂತ ಹಿರೀಕರೇ ಹೇಳಿದ್ದಾರೆ. ಆದ್ರೆ ಆಪತ್ತು ಕಳೀತಲ್ಲ. ಈಗ ಆ ನೀರು ಪೂಜೆಗೆ ಬರಲ್ಲ. ನಾಳೆ ನೀನೇ ಇಳಿದು ನೀರು ಎತ್ತಿ ಹಾಕಿ, ಗೋಡೆ, ತಳ ಎಲ್ಲ ಉಜ್ಜಿಬಿಡು. ಹೆಂಗೂ ಒಂದ್ಸಲ ಇಳ್ದಿದ್ದೀಯ. ಆಮೇಲೆ ಮಠದಿಂದ ಸ್ವಾಮಿಗಳು ಬಂದು ಶುದ್ಧಿ ಮಾಡಿಕೊಡ್ತಾರೆ."

ಮತ್ತೆ ಆ ಕತ್ತಲೊಳಗೆ! ಪುಟ್ಟಲಿಂಗಮ್ಮ ಸಂಪಿನ ಕಡೆ ನೋಡಿದಳು. "ಮೋಟ್ರು ಅದಲ್ಲ ಬುದ್ಧಿ?"

"ಮೋಟ್ರು ನೀರು ಎತ್ತತ್ತೆ. ಗೋಡೆ ಉಜ್ಜತ್ತಾ?" ಎಂದರು. ಆಮೇಲೆ ದನಿ ತಗ್ಗಿಸಿದರು. "ಇನ್ನೊಂದು ಮಾತು. ಚಂದ್ರು ಕೇಳ್ತಾನೆ. ಮುಚ್ಚಳ ನೀನೇ ತೆಗ್ದೆ ಅನ್ನು. ಗೊತ್ತಿಲ್ದೆ ಆಯ್ತು ಅನ್ನು. ನಾನು ಅಂತ ಗೊತ್ತಾದ್ರೆ ಅವನು ಹೆಂಡ್ತಿ ಮಗೂನ ಕರ್ಕೊಂಡು ಬೇರೆ ಹೋಗ್ತಾನೆ. ಮೊದ್ಲೇ ಅದಕ್ಕೆ ಕಾಯ್ತಾ ಇದ್ದಾನೆ. ಈ ವಯಸ್ಸಲ್ಲಿ ನಾನು ಏನ್ ಮಾಡ್ಲಿ?"

"ಬುದ್ಧಿ, ನಾನು ತಗೀನಿಲ್ವಲ್ಲ..."

"ನನಗೆ ಗೊತ್ತಿಲ್ವೇನು? ಸುಳ್ಳು ಹೇಳು ಅಂತ ನಿಂಗೆ ಹೇಳೋಕೆ ನನಗೂ ಕಷ್ಟವೇ. ಆದ್ರೆ ಸತ್ಯ ಅನ್ನೋದನ್ನೂ ಸಂದರ್ಭ ನೋಡಿ ಹೇಳ್ಬೇಕು ಪುಟ್ಲಿಂಗಿ. ಒಂದು ಮನೆ ಒಡೆಯೋ ಸತ್ಯಕ್ಕಿಂತ ಒಂದು ಮನೆ ಉಳಿಸೋ ಸುಳ್ಳು ಮೇಲು. ಹಾವೂ ಸಾಯಬಾರ್ದು, ಕೋಲೂ ಮುರೀಬಾರ್ದು."

ನೋಡಿ ಈ ಬುದ್ಧಿವಂತಿಕೆ. ಇವಳು ಗಾಳಿಗೆ ಸರಿದ ಮುಚ್ಚಳ ನೂಕಿದಾಗ ಸಂದರ್ಭ ಎಲ್ಲಿ ಹೋಗಿತ್ತು? ಆಗ ನಿಯಮ ಕಲ್ಲಿನಂತೆ ಗಟ್ಟಿ. ಈಗ ಅವರ ಕುತ್ತಿಗೆಗೆ ಬಂದಾಗ ನಿಯಮ ಬೆಣ್ಣೆಯಂತೆ ಕರಗಿತು. ಅದೂ ಅರ್ಧ ಮಾತ್ರ. ಸುಳ್ಳಿಗೆ ಸಂದರ್ಭ, ನೀರಿಗೆ ನಿಯಮ. ಎರಡನ್ನೂ ಹೊರಬೇಕಾದ ತಲೆ ಒಂದೇ.

"ಪೊಲೀಸ್ರು ಬಂದ್ರೆ ಬುದ್ಧಿ?"

"ಛೇ, ನಾನಿಲ್ವಾ?" ಎಂದು ಹೊರಟವರು ತಿರುಗಿ ನಿಂತರು. "ಮಗಳಿಗೆ ಪರೀಕ್ಷೆ ಯಾವಾಗ?"

ಕೇಳಿದ ರೀತಿ ಕುಶಲ ವಿಚಾರಿಸುವವರ ಹಾಗೆಯೇ ಇತ್ತು. ಪುಟ್ಟಲಿಂಗಮ್ಮ ಗೋಡೆ ಹಿಡಿದುಕೊಂಡಳು.

ಸ್ಕೂಲಿನಿಂದ ಬಂದ ಸಂಘಮಿತ್ರಳಿಗೆ ಎಲ್ಲ ಹೇಳಿದಳು. ಆ ಹೆಸರಿಟ್ಟವನು ಸೋದರಮಾವ ಮಹದೇವಯ್ಯ. ಅವನ ಭಾಷಣ ಕೇಳಿ ಬೆಳೆದ ಹುಡುಗಿ, ಬಿಡಬೇಡ ಅವ್ವ ಎನ್ನುತ್ತಾಳೆ ಎಂದುಕೊಂಡಿದ್ದಳು. ಹುಡುಗಿ ಚೀಲವನ್ನು ತೊಡೆಯ ಮೇಲೆ ಅವಚಿಕೊಂಡು ಕೂತಿತು.

"ಹೂಂ ಅಂದ್ಬುಡವ್ವ."

"ಏನೇ?"

"ಹೂಂ ಅನ್ನು. ಇಳಿ. ನಾನೇ ತಗ್ದೆ ಅನ್ನು. ಪರೀಕ್ಷೆ ಮುಗೀಲಿ. ಮಾವನ ಮನೇಲಿ ಎಲ್ಲಿ ಕೂತ್ಕೊಂಡ್ ಓದ್ಲಿ ನಾನು?" ಎಂದು ಅಳತೊಡಗಿತು. "ನಂಗೆ ಹೆದ್ರಿಕೆ ಆಯ್ತದೆ ಕಣವ್ವ."

ಅದಕ್ಕೆ ಏನು ಹೇಳುತ್ತಾಳೆ? "ಸುಮ್ಕಿರು. ಅಂಗೇ ಮಾಡ್ತೀನಿ," ಎಂದಳು. ಅವ್ವ ಮಗಳು ಒಂದೇ ಕಂಬಳಿಯಲ್ಲಿ ಮುದುರಿಕೊಂಡರು.

ಬೆಳಿಗ್ಗೆ ಸೀರೆಯನ್ನು ಕಚ್ಚೆ ಕಟ್ಟಿ, ತೆಂಗಿನ ನಾರು, ಬಕೆಟ್ಟು ಹಿಡಿದು ಸಂಪಿನ ಹತ್ತಿರ ಬಂದಳು. ಮೋಟರು ನೀರೆತ್ತಿ ಮುಗಿಸಿತ್ತು. ತಳದಲ್ಲಿ ಮೊಣಕಾಲುದ್ದ ಉಳಿದಿತ್ತು. ಅದರಲ್ಲಿ ಲಾಸ್ಯಳ ಕೆಂಪು ಚೆಂಡು ತೇಲುತ್ತಿತ್ತು. ಬಗ್ಗಿ ನೋಡಿದ್ದೇ ತಡ, ಬಾಯಿಗೆ ನೀರು ನುಗ್ಗಿದ್ದು ನೆನಪಾಗಿ ಉಸಿರು ಕಟ್ಟಿತು. ಕಾಲು ಇಳಿಯಲೊಲ್ಲದು. ಇಳಿ, ಇಳಿ ಎಂದು ತನಗೆ ತಾನೇ ಹೇಳಿಕೊಂಡಳು. ಮೆಟ್ಟಿಲ ಮೇಲೆ ಒಂದು ಕಾಲಿಟ್ಟಳು.

ಸಿದ್ದಮಲ್ಲಪ್ಪನವರು ವರಾಂಡದಲ್ಲಿ ಕೂತಿದ್ದರು. ಪ್ರೇಮಲೀಲಾ ಮಗುವನ್ನು ಎತ್ತಿಕೊಂಡು ಬಾಗಿಲಲ್ಲಿ ನಿಂತಿದ್ದಳು. ಪುಟ್ಟಲಿಂಗಮ್ಮ ನೋಡಿದರೆ ಅವಳು ನೆಲ ನೋಡಿದಳು. ಚಂದ್ರಮೌಳಿ ಮೆಟ್ಟಿಲಿಳಿದು ಬಂದ.

"ಮುಚ್ಚಳ ತೆಗ್ದಿದ್ದು ನೀನೇನಾ?"

ಪುಟ್ಟಲಿಂಗಮ್ಮ ಸಿದ್ದಮಲ್ಲಪ್ಪನವರ ಕಡೆ ನೋಡಿದಳು.

"ಹೇಳೇ," ಎಂದರು ಸಿದ್ದಮಲ್ಲಪ್ಪನವರು. "ಹೆದರ್ಬೇಡ, ಹೇಳು."

ಹೂಂ ಎನ್ನಬೇಕೆಂದೇ ಬಾಯಿ ತೆರೆದಳು. ಮಗಳ ಮೇಲಾಣೆ, ಅವತ್ತು ಅವಳು ಹೂಂ ಎನ್ನಲು ಬಂದವಳೇ. ಆದರೆ ಚಂದ್ರಮೌಳಿ ಸುಮ್ಮನಿರಲಿಲ್ಲ.

"ತೆಗ್ದಿದ್ದು ಹೋಗ್ಲಿ. ತೆಗ್ದಿದೆ ಅಂತ ಕಣ್ಣಿಗೆ ಕಾಣ್ತಿತ್ತಲ್ಲ? ಪಕ್ಕದಲ್ಲೇ ಕೂತಿದ್ಯಲ್ಲ? ಒಂದು ಮುಚ್ಚಳ ಮುಚ್ಚೋಕೆ ಏನ್ ರೋಗ ಬಂದಿತ್ತು ನಿನಗೆ? ಮನುಷ್ಯತ್ವ ಅನ್ನೋದು ಇಲ್ವಾ ನಿಮ್ಮಂಥೋರಿಗೆ?"

ಮೆಟ್ಟಿಲ ಮೇಲಿಟ್ಟಿದ್ದ ಕಾಲನ್ನು ಪುಟ್ಟಲಿಂಗಮ್ಮ ತೆಗೆದಳು. ಬಕೆಟ್ಟು ಕೆಳಗಿಟ್ಟಳು. ದನಿ ನಡುಗಿತು. ಆದರೂ ಬಂತು.

"ಕಾಣ್ತಿತ್ತು ಸ್ವಾಮಿ. ಕೂಗ್ದೆ. ಮುಚ್ಚಾಕೆ ಓದೆ, ಕೈನೂ ಚಾಚ್ದೆ. ಮುಚ್ನಿಲ್ಲ. ಯಾಕೆ ಅಂತ ನಿಮ್ಮಪ್ಪಾಜೀನ ಕೇಳಿ. ಪೊರ್ಕೆ ಹಿಡಿ ತಾಕ್ತು ಅಂತ ಸಂಪಿನ್ ನೀರ್ನೆಲ್ಲ ಮೋರಿಗ್ ಬುಟ್ರಲ್ಲ, ಅವ್ರನ್ ಕೇಳಿ. ಮುಟ್ಬೇಡ ಅಂದ್ರು, ಮುಟ್ನಿಲ್ಲ. ನಿಮ್ ನಿಯ್ಮ ನಾನು ಸರ್ಯಾಗೇ ನಡುಸ್ದೆ. ನಿಮ್ ನಿಯ್ಮಾನೇ ನಿಮ್ ಕೂಸ್ನ ನೀರ್ಗ್ ತಳ್ತು."

"ಏಯ್!" ಎಂದು ಸಿದ್ದಮಲ್ಲಪ್ಪನವರು ಎದ್ದರು.

"ಇರಿ ಬುದ್ಧಿ. ಮುಚ್ಚಳ ತಗ್ದೋರು ನೀವು. ಟಾರ್ಚ್ ಹಿಡ್ಕೊಂಡ್ ನೋಡ್ತಿದ್ರಿ, ಫೋನ್ ಬಂತು, ಓದ್ರಿ. ನಾನೇ ತಗ್ದೆ ಅನ್ನು ಅಂತ ನೆನ್ನೆ ನನ್ನ ಬಾಗ್ಲಿಗೆ ಬಂದು ಏಳುದ್ರಿ. ಅನ್ನಾಕೇ ಬಂದಿದ್ದೆ. ಮನುಷ್ಯತ್ವ ಇಲ್ವಾ ಅಂದ್ಬುಟ್ರಲ್ಲ ನಿಮ್ಮಗ. ಇನ್ನು ಅನ್ನಾಕಿಲ್ಲ."

ಚಂದ್ರಮೌಳಿ ಅಪ್ಪನ ಕಡೆ ತಿರುಗಿದ. ಪುಟ್ಟಲಿಂಗಮ್ಮ ನಿಲ್ಲಿಸಲಿಲ್ಲ. ಇಷ್ಟು ವರ್ಷ ಕಟ್ಟಿಟ್ಟಿದ್ದು ಒಡೆದುಕೊಂಡಿತ್ತು.

"ಈ ಸಂಪಿಗೆ ಗಾರೆ ಬಳ್ದೋನು ನನ್ ಗಂಡ. ಜಲ್ಲಿ ಒತ್ತೋಳು ನಾನು. ಕ್ಯೂರಿಂಗ್‌ಗೆ ಅಂತ, ಗಾರೆ ಗಟ್ಟಿ ಆಗ್ಲಿ ಅಂತ ನೀರ್ ತುಂಬಿದ್ದಾಗ ಇದ್ರಲ್ಲೇ ಮೈ ತೊಳ್ಕೊಂಡೋ ನಾವು. ಅವತ್ತಿನ ಬೆವ್ರು ಇನ್ನೂ ಈ ಗೋಡೇಲಿ ಅದೆ. ಅದ್ನ ಯಾವ ಸ್ವಾಮಿ ಬಂದು ತೊಳ್ದಾರು? ಕೂಸು ಬಿದ್ರೆ ನಾಳೆನೂ ಇಳೀತೀನಿ. ನಿಮ್ ಕೂಸಾಗ್ಲಿ, ಬೀದಿ ಕೂಸಾಗ್ಲಿ. ಅದ್ಕೆ ಸಂದರ್ಭ ನೋಡಾಕಿಲ್ಲ, ಯಾರ್ನೂ ಕೇಳಾಕಿಲ್ಲ. ನಾನು ಮುಟ್ಟಿದ್ ನೀರು ಒಲಸು ಅಂತ ಉಜ್ಜಾಕೆ ಮಾತ್ರ ಇಳಿಯಾಕಿಲ್ಲ. ಕೊಂದ್ರೂ ಇಳಿಯಾಕಿಲ್ಲ."

ಹೇಳಿದ ಮೇಲೆ ಭಯ ಇನ್ನೂ ಹೆಚ್ಚಾಯಿತು. ಕತೆಗಳಲ್ಲಿ ಇಂಥ ಮಾತು ಆಡಿದವರಿಗೆ ಎದೆ ಹಗುರಾಗುತ್ತದಂತೆ. ಪುಟ್ಟಲಿಂಗಮ್ಮನಿಗೆ ವಾಂತಿ ಬಂದ ಹಾಗಾಯಿತು. ಶೆಡ್ಡಿನ ಬಾಗಿಲಲ್ಲಿ ಮಗಳು ಬಿಳಿಚಿಕೊಂಡು ನಿಂತಿದ್ದಳು.

ಆ ಮನೆಯೊಳಗೆ ಅಪ್ಪ ಮಗನ ಜಗಳ ನಡೆಯಿತು. ನಡೆದು, ಮುಗಿದೂ ಹೋಯಿತು. ದೊಡ್ಡವರ ಮನೆಯ ಜಗಳ ಬೇಗ ಮುಗಿಯುತ್ತದೆ, ಹೊರಗೆ ಹಾಕಲು ಬೇರೆ ಯಾರಾದರೂ ಸಿಕ್ಕರೆ. ಬಾಯಿ ಬಹಳವಾಯಿತು, ಶೆಡ್ಡು ಖಾಲಿ ಮಾಡು ಎಂದರು. ಪ್ರೇಮಲೀಲಾ ಕೇಳಿಕೊಂಡಿದ್ದಕ್ಕೆ ಭಾನುವಾರದವರೆಗೆ ಬಿಟ್ಟರು. ಸಂಪು ಉಜ್ಜಲು ಯಾರನ್ನೋ ಕರೆಸಿದರು. ಸ್ವಾಮಿಗಳು ಬಂದು ಹೋದರು. ಹೊಸ ನೀರು ತುಂಬಿತು. ಸಂಘಮಿತ್ರ ಅವ್ವನ ಜೊತೆ ಮಾತು ಬಿಟ್ಟಿತು.

ಭಾನುವಾರ ಬೆಳಿಗ್ಗೆ ಪುಟ್ಟಲಿಂಗಮ್ಮ ತಗಡಿನ ಪೆಟ್ಟಿಗೆಯನ್ನು ತಲೆಯ ಮೇಲೆ ಹೊತ್ತು, ಪಾತ್ರೆಯ ಗಂಟು ಕಂಕುಳಲ್ಲಿ ಇರುಕಿಕೊಂಡು ಹೊರಬಂದಳು. ಹಿಂದೆ ಮಗಳು, ಎದೆಗವಚಿದ ಪುಸ್ತಕದ ಚೀಲ. ಅಣ್ಣನ ಮನೆಯಲ್ಲಿ ಹುಡುಗಿ ಎಲ್ಲಿ ಕೂತು ಓದುತ್ತದೆ? ನಾಳೆ ಒಲೆಯ ಮೇಲೆ ಏನಿಡಬೇಕು? ಏನೂ ಗೊತ್ತಿರಲಿಲ್ಲ.

ಒಗೆಯುವ ಕಲ್ಲು ದಾಟುವಾಗ ನಿಂತಳು.

ಮುಚ್ಚಳ ತೆಗೆದಿತ್ತು.

ಟಾರ್ಚು ಅಂಚಿನ ಮೇಲೆ ಉರಿಯುತ್ತ ಬಿದ್ದಿತ್ತು. ಸಿದ್ದಮಲ್ಲಪ್ಪನವರು ಗೇಟಿನ ಹತ್ತಿರ ಹಾಲಿನವನ ಜೊತೆ ಮಾತಿಗೆ ನಿಂತಿದ್ದರು. ಒಳಗೆಲ್ಲೋ ಗೆಜ್ಜೆಯ ಸದ್ದು ಕೇಳುತ್ತಿತ್ತು.

ಪುಟ್ಟಲಿಂಗಮ್ಮ ಪೆಟ್ಟಿಗೆ ಇಳಿಸಿದಳು. ಗಂಟು ಇಳಿಸಿದಳು. ಹೋಗಿ ಬಗ್ಗಿ ಮುಚ್ಚಳದ ಅಂಚಿಗೆ ಎರಡೂ ಕೈ ಹಾಕಿದಳು. ತಳ ಸಿಮೆಂಟಿಗೆ ಕಚ್ಚಿಕೊಂಡಿತ್ತು. ಅಲುಗಲಿಲ್ಲ. ಪಕ್ಕದಲ್ಲಿ ಚೀಲ ನೆಲಕ್ಕಿಟ್ಟ ಸದ್ದಾಯಿತು. ಇನ್ನೆರಡು ಕೈ ಬಂದು ಆಚೆಯ ಅಂಚು ಹಿಡಿದವು. ಅವ್ವ ಮಗಳು ಎಳೆದರು. ಕಬ್ಬಿಣ ಕಿರ್ರೆಂದು ಸಿಮೆಂಟಿನ ಮೇಲೆ ಜರುಗಿತು.

"ಏಯ್, ಮುಟ್ಬೇಡಿ! ನೆನ್ನೆ ತಾನೇ ಶುದ್ಧಿ ಮಾಡ್ಸಿದ್ದೀನಿ! ಮುಟ್ಬೇಡಿ ಅಂದ್ರೆ!" ಸಿದ್ದಮಲ್ಲಪ್ಪನವರು ಪಂಚೆ ಎತ್ತಿಕೊಂಡು ಓಡಿ ಬಂದರು.

ಧಡ್ ಎಂದು ಮುಚ್ಚಳ ಕೂತಿತು. ಪುಟ್ಟಲಿಂಗಮ್ಮ ಅದರ ಮೇಲೆ ಕೈಯೂರಿ ಎದ್ದಳು. ಬುದ್ಧಿ ಎನ್ನುವ ಮಾತು ನಾಲಗೆಯ ತುದಿಗೆ ಬಂದಿತ್ತು. ನುಂಗಿದಳು.

"ಮುಟ್ಟಿದ್ದಾಯ್ತು ಸಿದ್ದಮಲ್ಲಪ್ನೋರೇ. ಬೇಕಾದ್ರೆ ಇನ್ನೊಂದ್ಸಲ ಖಾಲಿ ಮಾಡ್ಸಿ. ಕೂಸು ಓಡಾಡೋ ಮನೆ, ಮುಚ್ಚಿಡೋದ್ ಕಲ್ತ್ಕೊಳಿ."

ಅವ್ವ ಮಗಳು ಗೇಟು ದಾಟಿದರು. ಪೆಟ್ಟಿಗೆಯ ಒಂದು ಬದಿ ಪುಟ್ಟಲಿಂಗಮ್ಮನ ಕೈಯಲ್ಲಿತ್ತು, ಇನ್ನೊಂದು ಬದಿಯನ್ನು ಮಗಳು ಹಿಡಿದುಕೊಂಡಿದ್ದಳು.